ಹರಿಹರನ ಮೂಗು

ಮೊನ್ನೆ ದಾವಣಗೆರೆಯ ನಮ್ಮ ಕಟಿಂಗ್ ಶಾಪಿನಲ್ಲಿ ನನ್ನ ಗಡ್ಡ ಅರ್ಧ ಆಗಿದ್ದಾಗ ಅಂಗಡಿಯವನಿಗೆ ಫೋನ್ ಬಂತು. ಅವನು ಕತ್ತಿ ಕೆಳಗಿಟ್ಟು ಹೊರಗೆ ಹೋದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಬಿಳಿ ನೊರೆ. ಕನ್ನಡಿಯೊಳಗಿನ ಆ ಎರಡು ಹೋಳಿನ ಮಹಾಪುರುಷನನ್ನು ನೋಡುತ್ತ ಕೂತೆ. ನಗಬೇಡಿ, ಅಂಥ ಹೊತ್ತಿನಲ್ಲಿ ನಿಮಗಾದರೂ ನೋಡಲು ಬೇರೇನಿರುತ್ತದೆ? ನನಗಂತೂ ಶೈಲಜಾ ಟೀಚರ್ ನೆನಪಾದರು.

ಹರಿಹರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಬಾತಿ ದಾಟಿ ಹೋಗಿಬರುವುದು. ಗಣಿತಕ್ಕೂ ನನಗೂ ಹಳೆಯದೊಂದು ಒಪ್ಪಂದವಿತ್ತು: ನಾನು ಅದರ ತಂಟೆಗೆ ಹೋಗುವುದಿಲ್ಲ, ಅದು ನನ್ನ ತಂಟೆಗೆ ಬರಕೂಡದು. ಒಪ್ಪಂದ ಮುರಿದವರು ಪಕ್ಕದ ಕೋಣೆಗೆ ಬಂದ ಶೈಲಜಾ ಟೀಚರ್. ಗಣಿತ, ವಿಜ್ಞಾನ ಎರಡೂ ಅವರದೇ. ಪಾಠವನ್ನು ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಹೆಚ್ಚಾಗಿ ಮಕ್ಕಳ ಕೈಗೇ ಕೊಡುತ್ತಿದ್ದರು. ಬಳೆ, ಗೋಲಿ, ಬದನೆ ಎಲೆ, ಒಮ್ಮೆ ತಮ್ಮ ಡಬ್ಬಿಯ ಚಪಾತಿ. ಕಾಲುಭಾಗ ಕಲಿತ ಮಕ್ಕಳು ಅದನ್ನು ಅಲ್ಲೇ ತಿಂದೂ ಬಿಟ್ಟರು.

ನಮ್ಮ ಹೆಡ್‌ಮಾಸ್ಟ್ರು ಕೆಟ್ಟವರಲ್ಲ, ಗಲಾಟೆಗೆ ಹೆದರುವವರು. ಒಬ್ಬರೇ ಒಬ್ಬ ಪೋಷಕರು ತಕರಾರು ತೆಗೆದರೂ ಈ ಸಾಮಾನೆಲ್ಲ ಬೀರುವಿಗೆ, ಆಮೇಲೆ ಬರೀ ಪುಸ್ತಕದ ಪಾಠ ಎಂದು ಟೀಚರಿಗೆ ಮೊದಲೇ ಹೇಳಿದ್ದರು. ಆ ಬೀರುವಿನೊಳಕ್ಕೆ ಹೋದ ಗ್ಲೋಬು ತಿರುಗಿ ಬಂದದ್ದನ್ನು ಕಂಡವರಿಲ್ಲ.

ಹೀಗಿರಲಾಗಿ ಆರನೇ ತರಗತಿಗೆ ಸಮಮಿತಿ ಬಂತು. ಚಿತ್ರದ ನಟ್ಟನಡುವೆ ಚಿಕ್ಕ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಅರ್ಧ ಚಿತ್ರ, ಕನ್ನಡಿಯೊಳಗಿನ ಅರ್ಧ ಸೇರಿ ಮೊದಲಿನದೇ ಆದರೆ ಅದಕ್ಕೆ ಸಮಮಿತಿ ಐತೆ ಅಂತ. ಕನ್ನಡದಲ್ಲಿ ಅಂಥ ಅಕ್ಷರ ಯಾವುದೆಂದು ಒಂದು ಮಗು ನನ್ನನ್ನು ಕೇಳಿದಾಗ ನಾನು ವರ್ಣಮಾಲೆಯನ್ನೆಲ್ಲ ಸುತ್ತಿ ‘ಠ’ದ ಹತ್ತಿರ ಅನುಮಾನದಿಂದ ನಿಂತುಕೊಂಡೆ.

ಎರಡು ಸಮಪಾಲಿನ ಚಿತ್ರವೊಂದನ್ನು ಮನೆಯಲ್ಲಿ ಬರೆದು ತರಬೇಕಿತ್ತು. ಬೇರೆ ಊರಿನ ಮಕ್ಕಳಾದರೆ ಚಿಟ್ಟೆ ಬರೆಯುತ್ತಿದ್ದರು. ನಮ್ಮ ದೀಪಾ ಹರಿಹರೇಶ್ವರನನ್ನೇ ಬರೆದು ತಂದಳು. ಹರಿಹರದಲ್ಲಿ ಹುಟ್ಟಿದ ಮಗುವಿಗೆ ಇಬ್ಭಾಗವೆಂದರೆ ಇನ್ನೇನು ಹೊಳೆದೀತು? ಒಂದು ಮಗ್ಗುಲಿಗೆ ತ್ರಿಶೂಲ, ಇನ್ನೊಂದು ಮಗ್ಗುಲಿಗೆ ಚಕ್ರ. ನಡುವೆ ಕನ್ನಡಿ ಇಟ್ಟಳು, ಹರ ಮಾಯವಾಗಿ ಎರಡೂ ಕೈಯಲ್ಲಿ ಚಕ್ರ ಹಿಡಿದ ಪೂರ್ತಿ ಹರಿ ನಿಂತ. ತಿರುಗಿಸಿ ಇಟ್ಟಳು, ಹರಿ ಮಾಯ. ತರಗತಿಯೇ ಬೆರಗಾಯಿತು. ದೀಪಾ ಮನೆಗೆ ಹೋಗಿ, ಶಾಲೆಯಲ್ಲಿ ಇವತ್ತು ಶಿವನನ್ನು ತೆಗೆದೆವು ಎಂದು ಅಜ್ಜನಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದಳು.

ಮರುದಿನ ಅಜ್ಜ ಬಂದ. ಕೊಕ್ಕನೂರಿನ ಕೊಟ್ರಪ್ಪಜ್ಜ, ಹಣೆ ತುಂಬ ವಿಭೂತಿ. ಹೆಡ್‌ಮಾಸ್ಟ್ರು ಬೀರುವಿನ ಕೀಲಿಕೈ ಹಿಡಿದುಕೊಂಡೇ ಎದುರುಗೊಂಡರು. ನಾನು ಸೀಮೆಸುಣ್ಣ ಬೇಕೆಂಬ ನೆಪದಲ್ಲಿ ಪಕ್ಕದ ಕೋಣೆಗೆ ಹೋಗಿ ನಿಂತೆ. ಟೀಚರ್ ವಾದಕ್ಕಿಳಿಯಲಿಲ್ಲ. ಮೊಣಕಾಲು ಹಿಡಿಸದ ಬೆಂಚಿನಲ್ಲಿ ಅಜ್ಜನನ್ನು ಮೊಮ್ಮಗಳ ಪಕ್ಕ ಕೂರಿಸಿ, ಕೈಗೆ ಕನ್ನಡಿ ಕೊಟ್ಟರು. ದೇವರ ದಯೆಯಿಂದ ಮೊದಲು ಕಂಡದ್ದು ಹರಿ. ಅಜ್ಜನ ಮುಖ ಕಪ್ಪಿಟ್ಟಿತು.

“ಯಜ್ಜಾ, ತಿರುವಿ ಇಡು,” ಎಂದಳು ದೀಪಾ.

ತಿರುವಿ ಇಟ್ಟ. ಪೂರ್ತಿ ಹರ. ಮುಖ ಅರಳಿತು. ಮತ್ತೆ ಹರಿ, ಮತ್ತೆ ಹರ. ಆಮೇಲೆ ಅಜ್ಜ ತಕರಾರನ್ನು ಮರೆತು ಕನ್ನಡಿಯ ಬುಡಕ್ಕೇ ಬಗ್ಗಿದ.

“ಅಲ್ರಿ ಟೀಚರಮ್ಮ, ಹೆಂಗೆ ಇಟ್ರೂ ಈ ಮೂಗಿನ ತುದಿ ಅಲ್ಲೇ ಐತಲ್ಲ. ಇದು ಯಾರ ಪಾಲಿಂದು?”

“ಗೆರೆ ಮ್ಯಾಲೆ ಇರೋದು ಕದಲಲ್ಲ ಅಜ್ಜಾರೆ. ಯಾರ ಪಾಲು ಅಂತ ನೀವೇ ಹೇಳ್ರಿ.”

ಅಜ್ಜ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಬಗ್ಗಿದ. ತಕರಾರು ಇನ್ನೂ ಬೆಳೆದೀತೆಂದು ಹೆದರಿದ ಹೆಡ್‌ಮಾಸ್ಟ್ರು, ಇವನ್ನೆಲ್ಲ ಒಳಗಿಡುತ್ತೇವೆ ಎನ್ನುತ್ತ ಕನ್ನಡಿಗೆ ಕೈ ಚಾಚಿದರು. ಅಜ್ಜ ಅದನ್ನು ಎದೆಗೆ ಅವಚಿಕೊಂಡ.

“ಇರ್ರಿ ಸಾರ್, ಯಾಕ ಅವಸರ? ಇನ್ನೂ ನೋಡಿ ಮುಗಿದಿಲ್ಲ.”

ಕೀಲಿಕೈ ಜೇಬಿಗೆ ಹೋಯಿತು. ಕನ್ನಡಿಗಳು ತರಗತಿಯಲ್ಲೇ ಉಳಿದವು. ನಾನು ಸೀಮೆಸುಣ್ಣ ಮರೆತು ನನ್ನ ಕೋಣೆಗೆ ಬಂದೆ. ಹರಿಯೂ ಹರನೂ ಹರಿಹರ, ದ್ವಂದ್ವ ಸಮಾಸ ಎಂದು ವರ್ಷವರ್ಷವೂ ಒಡೆದು ಅಂಟಿಸಿದವನು ನಾನು. ಎರಡೂ ಪದಗಳ ಲೆಕ್ಕ ಸರಿಯಿತ್ತು. ನಡುವೆ ಏನಾದರೂ ಇದ್ದೀತೆಂದು ಮಾತ್ರ ಬಗ್ಗಿ ನೋಡಿರಲಿಲ್ಲ.

ಮೊನ್ನೆ ಕ್ಷೌರ ಮುಗಿದ ಮೇಲೆ ಮನೆಗೆ ಹೋಗದೆ ಹರಿಹರದ ಬಸ್ಸು ಹತ್ತಿದೆ. ಗುಡಿಯಲ್ಲಿ ಸಾಲು ಇತ್ತು. ಮುಂಚೆ ನಾನು ಕಣ್ಣು ಮುಚ್ಚಿ ಬೇಡುವುದನ್ನು ಬೇಡಿ ಹೊರಡುವವನು. ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತೆ. ಹಿಂದಿದ್ದ ಹೆಣ್ಣುಮಗಳು, ಅಷ್ಟೊತ್ತಿಂದ ಏನು ನೋಡ್ತೀರ್ರಿ ಯಜಮಾನ್ರೇ ಎಂದು ಕೇಳಿದಳು.

“ಮೂಗು ಯಾರದು ಅಂತ ನೋಡ್ತಿದೀನಿ ಕಣಮ್ಮ.”

ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಪಕ್ಕಕ್ಕೆ ಬಂದು, ಸೆರಗು ಸರಿಮಾಡಿಕೊಂಡು, ತಾನೂ ಬಗ್ಗಿದಳು. ಸಾಲು ನಿಂತೇ ಬಿಟ್ಟಿತು.