ನೆರೆಯ ದಿನ ಕೇಳಿದ ಗುಂಡು

ನಾನು ಚಿಕ್ಕವಳಿದ್ದಾಗ ಕೊಡಗೇ ಒಂದು ಪುಟ್ಟ ರಾಜ್ಯವಾಗಿತ್ತು. ನನಗೆ ಮಾತ್ರ ನಾಪೋಕ್ಲುವಿನಾಚೆ ಲೋಕವೇ ಇರಲಿಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ಅಜ್ಜಿಯನ್ನು ಕರೆತರಲು ಅಪ್ಪ ಪೇಟೆಗೆ ಹೊರಟರು. ಹಟ ಹಿಡಿದು ನಾನೂ ಬೆನ್ನು ಹತ್ತಿದೆ. ಹೋಗುವಾಗ ಗದ್ದೆಯ ಬದುವಿನ ಮೇಲೆ ಪಾದ ಮುಳುಗುವಷ್ಟೇ ನೀರು. ಅಜ್ಜಿಯೊಂದಿಗೆ ಮರಳುವಷ್ಟರಲ್ಲಿ ಕಾವೇರಿ ಗದ್ದೆಗೆಲ್ಲ ನುಗ್ಗಿ ಬದುವೇ ಮಾಯ! ಆಚೆ ದಿಬ್ಬದ ಮೇಲೆ ನಮ್ಮ ಮನೆ, ಈಚೆ ನಾವು. ಅಪ್ಪನ ಮುಖ ನೋಡಿ ನನಗೆ ಅಳು ಬಂತು.

ಈಚೆ ಬದಿಯ ಶಾಲೆಯಲ್ಲಿ, ಮನೆಗೆ ನೀರು ನುಗ್ಗಿದವರೆಲ್ಲ ಸೇರಿದ್ದರು. ಒದ್ದೆ ಕಂಬಳಿ, ಸೌದೆಯ ಹೊಗೆ, ಸುಟ್ಟ ಹಲಸಿನ ಬೀಜ, ಎಲ್ಲರ ಅಕ್ಕಿಯೂ ಒಂದೇ ಹಂಡೆಯಲ್ಲಿ ಬೇಯುವ ಗಂಜಿ, ಆ ಘಮ ಈಗಲೂ ನನ್ನ ಮೂಗಿನಲ್ಲಿದೆ. ವಿಷಯ ತಿಳಿದದ್ದೇ ತಡ, ತಮ್ಮ ಮನೆ ಮುಳುಗಿದವರೇ ಕತ್ತಿ ಹಿಡಿದು ಓಡಿದರು. ಬೆಲ್ಲದಂಗಡಿಯವರು ತಮ್ಮ ಹಿತ್ತಲಿನ ಬಾಳೆಯನ್ನು, ಗೊನೆ ಬಿಟ್ಟದ್ದನ್ನೂ ಸೇರಿಸಿ, ಕಡಿಯಲು ಕೊಟ್ಟರು. ದಿಂಡುಗಳನ್ನು ಬಿದಿರಿಗೆ ಬಿಗಿದು ತೆಪ್ಪ ಕಟ್ಟತೊಡಗಿದರು.

"ಎಂತ ಮಾರಾಯ್ರೇ, ಎಷ್ಟು ಹೊತ್ತು ಕಟ್ಟುದು? ಕೂಸು ನಿಮ್ಮ ತೆಪ್ಪಕ್ಕೆ ಕಾಯ್ತದಾ?" ಎಂದು ಅಜ್ಜಿ ಗದರಿಸಿ, ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಅಪ್ಪ ಗಳ ಹಿಡಿದರು. ನನ್ನನ್ನು ಶಾಲೆಯಲ್ಲೇ ಬಿಟ್ಟರು.

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರು. ಹೆಣ್ಣಾದರೆ ಕಂಚಿನ ತಟ್ಟೆ ಬಾರಿಸುತ್ತಿದ್ದರು. ಎರಡು ಗುಂಡು ಹಾರಿದರೆ ಮಾತ್ರ ಸಾವು. ಹಾಗಾಗಿ ತೆಪ್ಪ ಆಚೆ ದಡ ಮುಟ್ಟಿದ ಮೇಲೂ ಎಲ್ಲರ ಕಿವಿ ನಮ್ಮ ಮನೆಯ ಕಡೆಗೇ.

ಮಧ್ಯಾಹ್ನ ಢಂ ಎಂದಿತು. ಗಂಜಿ ತಿರುವುತ್ತಿದ್ದ ಸೌಟು ನಿಂತಿತು. ಅಳುತ್ತಿದ್ದ ಮಕ್ಕಳ ಬಾಯಿಯನ್ನೂ ತಾಯಂದಿರು ಮುಚ್ಚಿದರು. ಇನ್ನೊಂದು ಬೇಡ, ಇನ್ನೊಂದು ಬೇಡ ಎಂದು ನಾನು ದೇವರನ್ನು ಬೇಡಿಕೊಂಡೆ. ನೀರಿನ ಭೋರ್ಗರೆತ ಬಿಟ್ಟರೆ ಮತ್ತೇನೂ ಕೇಳಲಿಲ್ಲ.

"ಗಂಡು ಮಗು!" ಎಂದು ಯಾರೋ ಕೂಗಿದ್ದೇ ತಡ, ಶಾಲೆಯೆಲ್ಲ ಕುಣಿಯಿತು. ಮನೆಯಲ್ಲಿ ಮೊಣಕಾಲುದ್ದ ಕೆಸರಿದ್ದವರೂ ಕುಣಿದರು! ಬೆಲ್ಲದಂಗಡಿಯವರು ಗಂಜಿಗೆ ಬೆಲ್ಲ ಸುರಿದರು. ಅಷ್ಟು ರುಚಿಯಾದ ಪಾಯಸವನ್ನು ನಾನು ಮತ್ತೆಂದೂ ಉಂಡಿಲ್ಲ.

ಮರುದಿನ ನೀರಿಳಿದ ಮೇಲೆ ಅಪ್ಪ ಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದರು.

"ಮತ್ತೆ ಗುಂಡು?"

"ತಟ್ಟೆ ಬಾರಿಸಿದ್ರೆ ಈ ನೀರಿನ ಸದ್ದಲ್ಲಿ ನಿಮಗೆ ಕೇಳ್ತಿತ್ತಾ? ಇಡೀ ಊರೇ ಕಾಯ್ತಾ ಇತ್ತಲ್ಲ!"

ಮೊಮ್ಮಕ್ಕಳೇ, ಈಗ ಹೊಳೆ ತುಂಬಿದರೆ ಸುದ್ದಿ ನಿಮ್ಮ ಅಂಗೈಗೇ ಬರುತ್ತದೆ. ಅದಕ್ಕೆ ಗುಂಡೂ ಬೇಡ, ತಟ್ಟೆಯೂ ಬೇಡ. ಫೋನಿನಲ್ಲಿ ದೊಡ್ಡಮ್ಮ ಮಾತಾಡಿದರೆ ಕಿವಿ ಕಿವುಡಾಗುತ್ತದೆ ಎಂದು ನೀವು ನಗುತ್ತೀರಲ್ಲ? ಆ ದಿನ ಹುಟ್ಟಿದ ಕೂಸು ಅವಳೇ. ನೆರೆಯಾಚೆಯಿಂದ ಗುಂಡು ಹಾರಿಸಿ ಊರಿಗೆಲ್ಲ ಕೇಳಿಸಿದವಳು ಮೆಲ್ಲಗೆ ಮಾತಾಡುವುದುಂಟೇ?