ಗೇಟಿನ ಫೋನಿಗೆ ಬಂದ ಸುದ್ದಿ

ನಿನ್ನೆ ನನ್ನ ಆರು ತಿಂಗಳ ಮೊಮ್ಮಗಳು ನನ್ನ ಕೈಯಿಂದ ಮೊದಲ ಸಲ ಒಳಲೆಯಲ್ಲಿ, ಆ ಕೊಕ್ಕಿನ ಪುಟ್ಟ ಬಟ್ಟಲಲ್ಲಿ, ನೀರು ಕುಡಿದಳು. ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆದಳು. ನಾನು ಕುಣಿಯುವುದೊಂದು ಬಾಕಿ! ಆ ಖುಷಿಯ ನಡುವೆಯೇ ಹಳೆಯ ನೋವೊಂದು ಎದ್ದು ಕೂತಿತು.

ಆಗ ನಾನು ಮಾಕಳಿದುರ್ಗದ ಹತ್ತಿರದ ರೆಸಾರ್ಟೊಂದರಲ್ಲಿ ಗೇಟ್ ಸೆಕ್ಯೂರಿಟಿ. ನಿವೃತ್ತಿಗೆ ಒಂದು ವರ್ಷವಿತ್ತು. ಚುನಾವಣೆಯಲ್ಲಿ ಯಾರಿಗೂ ಬಹುಮತ, ಅಂದರೆ ಅರ್ಧಕ್ಕಿಂತ ಹೆಚ್ಚು ಸೀಟು, ಬಂದಿರಲಿಲ್ಲ. ಎರಡು ಪಕ್ಷ ಕೂಡಿ ಸರ್ಕಾರ ಮಾಡಿದ್ದವು. ವಿಧಾನಸೌಧದಲ್ಲಿ ತಲೆ ಎಣಿಸಿ ವಿಶ್ವಾಸಮತ ಗೆಲ್ಲುವವರೆಗೆ ಯಾರೂ ಎದುರು ಪಕ್ಷಕ್ಕೆ ಜಾರಬಾರದೆಂದು ಶಾಸಕರನ್ನು ನಮ್ಮಲ್ಲಿ ತಂದಿಟ್ಟಿದ್ದರು. ಮೊಬೈಲುಗಳೆಲ್ಲ ಉಸ್ತುವಾರಿ ನಾಯಕರ ಬ್ಯಾಗಿನಲ್ಲಿದ್ದವು.

ಅವರಲ್ಲೊಬ್ಬರು ಮೊದಲ ಸಲ ಗೆದ್ದವರು. ವಾಕಿಂಗ್ ನೆಪದಲ್ಲಿ ದಿನಾ ಗೇಟಿಗೆ ಬರುತ್ತಿದ್ದರು.

“ಏನ್ ತಾತ, ನಾವೇನು ಸಂತೆ ಕುರಿಗಳಾ? ಹಿಂಗ್ ಕೂಡ್ಹಾಕವ್ರೆ!”

“ಕುರಿಗೆ ಇಡ್ಲಿ-ವಡೆ ಯಾರ್ ಕೊಡ್ತಾರೆ ಬಿಡಿ ಸ್ವಾಮಿ.”

ಜೋರಾಗಿ ನಗುತ್ತಿದ್ದರು. ಹಾಸಿಗೆ ಹಿಡಿದಿದ್ದ ತಾಯಿಯ ಮಾತು ಬಂದರೆ ಮಾತ್ರ ಮೆತ್ತಗಾಗುತ್ತಿದ್ದರು.

ಮತದ ದಿನ ಬೆಳಿಗ್ಗೆ ಗೇಟಿನ ಫೋನು ಬಡಿದುಕೊಂಡಿತು. ನಂಬರ್ ಹುಡುಕಿ ಅವರ ಅಕ್ಕ ಮಾಡಿದ್ದರು, ಅಳುತ್ತಿದ್ದರು. “ಅಣ್ಣಾ, ಅವ್ವ ಅವನನ್ನೇ ಕೇಳ್ತಾವ್ಳೆ. ಕೊನೇ ನೀರು ಬಿಡೋಕಾದ್ರೂ ಬರೋಕೆ ಹೇಳಿ.”

ಓಡಿಹೋಗಿ ಉಸ್ತುವಾರಿಯವರಿಗೆ ಹೇಳಿದೆ. ಹಿಂದಿನ ದಿನವಷ್ಟೇ ಇನ್ನೊಬ್ಬ ಶಾಸಕರು ಮಾವನಿಗೆ ಹಾರ್ಟ್ ಅಟ್ಯಾಕ್ ಎಂದು ಹೋಗಿ, ಎದುರು ಪಕ್ಷದವರ ಜೊತೆ ಟೀವಿಯಲ್ಲಿ ಕಾಣಿಸಿಕೊಂಡಿದ್ದರು.

“ಇದೂ ಅದೇ ನಾಟಕ ಕಣಯ್ಯ. ಒಂದು ತಲೆ ಕಮ್ಮಿಯಾದ್ರೆ ಸರ್ಕಾರ ಬೀಳುತ್ತೆ. ಬಾಯ್ಮುಚ್ಕೊಂಡಿರು, ಸಂಜೆ ನಾನೇ ಹೇಳ್ತೀನಿ.”

ಆ ಅಳು ನಾಟಕದ್ದಲ್ಲವೆಂದು ಕೇಳಿದ ನನಗೆ ಗೊತ್ತಿತ್ತು. ಆದರೂ ಹನ್ನೊಂದಕ್ಕೆ ಬಸ್ಸು ಹೊರಟಾಗ, ಕಿಟಕಿಯಿಂದ ಆ ಹೊಸ ಶಾಸಕರು ಕೈ ಬೀಸಿದಾಗ, ಸಲ್ಯೂಟ್ ಹೊಡೆದು ಗೇಟು ತೆರೆದೆ.

ಸರ್ಕಾರ ಒಂದೇ ಮತದಿಂದ ಉಳಿಯಿತು. ಸಂಜೆ ಅವರು ತಮ್ಮ ಬಟ್ಟೆ ಬ್ಯಾಗಿಗಾಗಿ ವಾಪಸ್ ಬಂದರು. ಆಗಷ್ಟೇ ಮೊಬೈಲ್ ಕೈಗೆ ಸಿಕ್ಕಿ, ಗೇಟಿಗೆ ಫೋನ್ ಮಾಡಿದ್ದನ್ನು ಅಕ್ಕ ಹೇಳಿದ್ದರು. ತಾಯಿ ಮಧ್ಯಾಹ್ನವೇ ಹೋಗಿದ್ದರು.

“ಫೋನ್ ಎಷ್ಟೊತ್ತಿಗೆ ಬಂತು ತಾತ?”

“ಏಳೂವರೆಗೆ, ಸ್ವಾಮಿ.”

“ನಮ್ಮೂರು ಒಂದು ಗಂಟೆ ದಾರಿ. ಅವ್ವನ ಬಾಯಿಗೆ ನೀರು ಬಿಟ್ಟು ಓಟಿಗೂ ಬರ್ತಿದ್ನಲ್ಲ ತಾತ...”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ.

ವರ್ಷ ತುಂಬುವ ಮೊದಲೇ ಆ ಸರ್ಕಾರ ಬಿತ್ತು. ಯಾರು ಬೀಳಿಸಿದರೆಂದು ನಾನು ವಿಚಾರಿಸಲೂ ಇಲ್ಲ.

ಕಾವಲು ಕೆಲಸ ನನಗೆ ಕಲಿಸಿದ್ದು ಇಷ್ಟೇ. ಒಬ್ಬರಿಗೆ ಬಂದ ಸುದ್ದಿ ಅವರ ಸ್ವತ್ತು. ಅದನ್ನು ತಡೆಯುವ ಹಕ್ಕು ಸರ್ಕಾರ ಕಟ್ಟುವವರಿಗೂ ಇಲ್ಲ, ಗೇಟು ಕಾಯುವವನಿಗೂ ಇಲ್ಲ.

ಮೊಮ್ಮಗಳು ಮತ್ತೆ ಬಾಯಿ ತೆರೆದಿದ್ದಾಳೆ. ಒಳಲೆ ತುಂಬಬೇಕು.