ಜಾಲರಿ ಅಂಗಡಿಯ ತಂಗಿ

ಅಗ್ಗಿಷ್ಟಿಕೆಗೆ ಅಡ್ಡ ಇಡುವ ಜಾಲರಿ ಮಾರಬೇಕಾದರೆ ಮಾತು ಬೇಕು. ಅಣ್ಣನಿಗೆ ಅದು ಧಾರಾಳವಾಗಿತ್ತು. ತಂಗಿಗಿದ್ದದ್ದು ಕೈಕೆಲಸ. ಕತ್ತರಿ ಹಿಡಿದು ಕೂತಳೆಂದರೆ ಹಿತ್ತಾಳೆ ತಗಡಿನಲ್ಲಿ ಎಲೆ, ಬಳ್ಳಿ, ಮೊಗ್ಗು ಸರಸರನೆ ಮೂಡುತ್ತಿದ್ದವು. ತಂತಿಬಲೆಗೆ ಬೆಸೆದರೆ ಬೆಂಕಿಯ ಬೆಳಕಿಗೆ ಬಳ್ಳಿಯ ನೆರಳು ಗೋಡೆ ತುಂಬ ಹಬ್ಬುತ್ತಿತ್ತು. ಆದರೆ ಕೂರಲು ಬಿಡಬೇಕಲ್ಲ!

ಆರು ವರ್ಷದವಳಿದ್ದಾಗ, ಮನೆಯ ಅಗ್ಗಿಷ್ಟಿಕೆಯತ್ತ ಉರುಳಿ ಹೋದ ಚೆಂಡು ಹೆಕ್ಕಲು ಹೋಗಿ ಅವಳ ಅಂಗಿಗೆ ಬೆಂಕಿ ಹತ್ತಿತ್ತು. ಬಲಗೈಯ ಮಣಿಕಟ್ಟಿನಿಂದ ಭುಜದವರೆಗೆ ಸುಟ್ಟ ಗುರುತು ಹಾಗೇ ಉಳಿಯಿತು. ಅಣ್ಣ ಅಂಗಡಿ ಹಾಕಿದ ಮೇಲೆ ಅದೇ ಅವನ ಬೋರ್ಡು. ಅಳತೆಗೆ ಹೋದ ಮನೆಗೆಲ್ಲ ಅವಳನ್ನು ಕರೆದೊಯ್ಯುವನು. ಗಿರಾಕಿ "ನೋಡೋಣ" ಎಂದು ರಾಗ ಎಳೆದರೆ ಸಾಕು, "ತೋರ್ಸಮ್ಮ" ಎನ್ನುವನು. ಅವಳು ಗುಂಡಿ ಬಿಚ್ಚಿ ತೋಳು ಮಡಿಸಬೇಕು. ಹೆಂಗಸರು ಲೊಚಗುಟ್ಟುವರು, ಆರ್ಡರು ಬೀಳುವುದು. ಇಪ್ಪತ್ತೆರಡು ವರ್ಷ ಇದೇ ಪಾಡು! ಒಲ್ಲೆನೆಂದರೆ, ಒಂದು ಮಗುವಾದರೂ ಉಳಿಯುತ್ತದಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ, ಅದೇ ಅವಳ ಗ್ರಹಚಾರ.

ಈ ಚಳಿಗಾಲ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: ಇನ್ನು ಅಂಗಡಿ ಬಿಟ್ಟು ಕದಲುವುದಿಲ್ಲ, ಎಲೆ ಕತ್ತರಿಸುತ್ತೇನೆ, ಅಷ್ಟೇ. ಅಣ್ಣ ಕೈಮುಗಿದ. ಡಾಕ್ಟರಮ್ಮನ ಮನೆಗೊಂದು ಸಲ ಬಂದುಬಿಡು, ಆಮೇಲೆ ನಿನ್ನಿಷ್ಟ ಎಂದ.

ಡಾಕ್ಟರಮ್ಮ ಲೊಚಗುಟ್ಟಲಿಲ್ಲ. ಕನ್ನಡಕ ಏರಿಸಿ, ತೋಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡತೊಡಗಿದರು. ತಂಗಿಗೆ ಮೈಯೆಲ್ಲ ಉರಿದುಹೋಯಿತು.

"ಅಮ್ಮಾವ್ರೇ, ನಾನು ಸುಟ್ಕೊಂಡ ಅಗ್ಗಿಷ್ಟಿಕೆಗೆ ಇವತ್ತಿಗೂ ಜಾಲರಿ ಇಲ್ಲ. ಅದನ್ನ ಮಾತ್ರ ನಮ್ಮಣ್ಣ ಹೇಳಲ್ಲ."

ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಇನ್ನು ಈ ಜನ್ಮದಲ್ಲಿ ಕರೆಯಲಾರ ಎಂದುಕೊಂಡು ಅವಳು ಹಾಯಾಗಿ ಗುಂಡಿ ಹಾಕಿಕೊಂಡಳು. ಅಷ್ಟರಲ್ಲಿ ಡಾಕ್ಟರಮ್ಮ ನಿಟ್ಟುಸಿರಿಟ್ಟು, ತಮ್ಮ ತವರಿನಲ್ಲೂ ಇದೇ ಅಸಡ್ಡೆ ಎಂದು, ತಮಗೊಂದು, ತಾಯಿಗೊಂದು, ಮಗಳಿಗೊಂದು ಜಾಲರಿ ಮಾಡಿಕೊಡಲು ಹೇಳಿದರು.

ಮರುದಿನ ಬೆಳಿಗ್ಗೆ ಅವಳು ಕತ್ತರಿ ಹಿಡಿದು ಕೂತಿದ್ದಾಗ ಅಣ್ಣ ಅಳತೆಪಟ್ಟಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ.

"ನಮ್ಮನೆಗೂ ಒಂದು ಹಾಕೋಣ ಅಂತಿದ್ದೆ ಕಣಮ್ಮ," ಎಂದ. "ಆದ್ರೆ ಈಗ ಬೇಡ. ಹಾಕ್ಬಿಟ್ರೆ ನೀನು ನಿನ್ನೆ ಹೇಳಿದ್ದು ಸುಳ್ಳಾಗತ್ತೆ. ಇವತ್ತೂ ಹಂಗೇ ಹೇಳ್ಬೇಕು. ಈಗ ಅಳತೆಗೆ ಹೋಗೋ ಮನೇಲಿ ಅವಳಿ ಮಕ್ಕಳಿದಾವೆ, ಈಗಷ್ಟೇ ಅಂಬೆಗಾಲಿಡ್ತಿದಾವೆ."

ಅವಳು ಕತ್ತರಿ ಕೆಳಗಿಟ್ಟಳು.